ಎರಡು ಕೈ ದಾಟಿ ಬಂದ ಟಾಲ್‌ಸ್ಟಾಯ್

ಕನ್ನಡದಲ್ಲಿ ರಷ್ಯನ್ ಕಾದಂಬರಿಗಳನ್ನು ಓದಿದವರ ನಡುವೆ ಒಂದು ಆಕ್ಷೇಪ ಆಗಾಗ ತಲೆಯೆತ್ತುತ್ತದೆ. ನಾವು ಓದುತ್ತಿರುವುದು ಟಾಲ್‌ಸ್ಟಾಯ್‌ನನ್ನಲ್ಲ, ಅವನ ಇಂಗ್ಲಿಷ್ ಪ್ರತಿಯ ಕನ್ನಡ ಪ್ರತಿಯನ್ನು. ಒಮ್ಮೆ ನೀರು ಬೆರೆಸಿದ ಹಾಲಿಗೆ ಮತ್ತೊಮ್ಮೆ ನೀರು ಬೆರೆಸಿದಂತಾಯಿತು, ಎಂಬುದು ಆ ಆಕ್ಷೇಪದ ಸಾರ. ತುಮಕೂರು ಜಿಲ್ಲೆಯ ಬಡಗಣ ತಾಲ್ಲೂಕುಗಳಾದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಮಕ್ಕಳಿಗೆ ಮೂರು ದಶಕಗಳ ಕಾಲ ಕನ್ನಡ ಪಾಠ ಹೇಳಿದ ನಾನು ಈ ಮಾತನ್ನು ವಿದ್ಯಾರ್ಥಿಗಳ ಬಾಯಿಂದಲೂ ಕೇಳಿದ್ದೇನೆ, ಸಹೋದ್ಯೋಗಿಗಳ ಬಾಯಿಂದಲೂ ಕೇಳಿದ್ದೇನೆ. ಮಾತು ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಆದರೆ ಅದು ಪೂರ್ತಿ ನಿಜವೇ ಎಂಬುದನ್ನು ವಿಚಾರಿಸಿ ನೋಡಬೇಕು. ಹಾಗೆ ನೋಡಬೇಕಾದರೆ ಆ ಹಾಲು ಯಾರ ಕೈಯಿಂದ ನಮ್ಮ ಕೈಗೆ ಬಂತು ಎಂಬುದನ್ನು ಮೊದಲು ತಿಳಿಯಬೇಕು. ಆ ಮೊದಲ ಕೈಯ ಹೆಸರು ಕಾನ್‌ಸ್ಟನ್ಸ್ ಗಾರ್ನೆಟ್.

ಗಾರ್ನೆಟ್ 1861ನೆಯ ಇಸವಿ ಡಿಸೆಂಬರ್ 19ರಂದು ಇಂಗ್ಲೆಂಡಿನ ಬ್ರೈಟನ್ ನಗರದಲ್ಲಿ ಹುಟ್ಟಿದರು. ತವರಿನ ಹೆಸರು ಬ್ಲ್ಯಾಕ್. ಅಜ್ಜ ಪೀಟರ್ ಬ್ಲ್ಯಾಕ್ ರಷ್ಯದ ಚಕ್ರವರ್ತಿ ಒಂದನೆಯ ನಿಕೊಲಸನ ನೌಕಾಪಡೆಗೆ ಹಡಗು ಕಟ್ಟಿಕೊಟ್ಟವರು ಎಂಬುದನ್ನು ಬಿಟ್ಟರೆ ಆ ಮನೆಗೂ ರಷ್ಯನ್ ಸಾಹಿತ್ಯಕ್ಕೂ ಸಂಬಂಧವಿರಲಿಲ್ಲ. ಬುದ್ಧಿವಂತೆಯಾದ ಹುಡುಗಿ ವಿದ್ಯಾರ್ಥಿವೇತನ ಪಡೆದು ಕೇಂಬ್ರಿಜ್ಜಿನ ನ್ಯೂನಮ್ ಕಾಲೇಜಿನಲ್ಲಿ ಗ್ರೀಕ್ ಲ್ಯಾಟಿನ್‌ಗಳನ್ನು ಓದಿದಳು. ಆ ಕಾಲದಲ್ಲಿ ಆ ವಿಶ್ವವಿದ್ಯಾನಿಲಯ ಹೆಣ್ಣುಮಕ್ಕಳಿಗೆ ಪಾಠ ಕೇಳಲು ಬಿಡುತ್ತಿತ್ತೇ ಹೊರತು ಪದವಿ ಕೊಡುತ್ತಿರಲಿಲ್ಲ. ಮುಂದೆ ಲಂಡನ್ನಿನ ಪೂರ್ವಭಾಗದ ಬಡವರ ಬಡಾವಣೆಯಲ್ಲಿದ್ದ ಪೀಪಲ್ಸ್ ಪ್ಯಾಲೇಸ್ ಎಂಬ ಸಂಸ್ಥೆಯಲ್ಲಿ ಗ್ರಂಥಪಾಲಕಿಯಾದರು. 1889ರಲ್ಲಿ ಎಡ್ವರ್ಡ್ ಗಾರ್ನೆಟ್ ಎಂಬ ಸಾಹಿತ್ಯಪ್ರೇಮಿಯನ್ನು ಮದುವೆಯಾದರು.

ರಷ್ಯನ್ ಭಾಷೆ ಆಕೆಯ ಬಾಳಿಗೆ ಬಂದದ್ದು ದೇಶಭ್ರಷ್ಟರ ಮೂಲಕ. ಚಕ್ರವರ್ತಿಯ ಆಳ್ವಿಕೆಯನ್ನು ಎದುರಿಸಿ ಸೈಬೀರಿಯಕ್ಕೆ ಗಡೀಪಾರಾಗಿ, ಅಲ್ಲಿಂದ ತಪ್ಪಿಸಿಕೊಂಡು ಲಂಡನ್ ಸೇರಿದ್ದ ಫೆಲಿಕ್ಸ್ ವೊಲ್ಖೋವ್‌ಸ್ಕಿ ಎಂಬ ಕ್ರಾಂತಿಕಾರಿ 1891ರಲ್ಲಿ ಗಾರ್ನೆಟ್ ದಂಪತಿಗಳಿಗೆ ಪರಿಚಿತನಾದ. ಆಗ ಕಾನ್‌ಸ್ಟನ್ಸ್ ಗರ್ಭಿಣಿ. ಮನೆಯಲ್ಲಿ ಕೂತು ಕಾಲ ಕಳೆಯುವುದಕ್ಕಿಂತ ಒಂದು ಹೊಸ ಭಾಷೆಯನ್ನು ಕಲಿಯಬಾರದೇಕೆ ಎಂದು ಅವನು ವ್ಯಾಕರಣವನ್ನೂ ನಿಘಂಟನ್ನೂ ಮುಂದಿಟ್ಟ. 1892ರ ಮಾರ್ಚಿಯಲ್ಲಿ ಮಗ ಹುಟ್ಟುವ ಹೊತ್ತಿಗೆ ತಾಯಿ ರಷ್ಯನ್ ಗದ್ಯದಲ್ಲಿ ಕಾಲೂರಿದ್ದರು. ಸ್ಟೆಪ್ನಿಯಾಕ್ ಎಂಬ ಇನ್ನೊಬ್ಬ ದೇಶಭ್ರಷ್ಟ ಲೇಖಕ ಅನುವಾದಗಳನ್ನು ತಿದ್ದಿ ಹುರಿದುಂಬಿಸಿದ. 1894ರಲ್ಲಿ ಗಾಂಚರೋವ್‌ನ ಒಂದು ಕಾದಂಬರಿಯೂ, ಟಾಲ್‌ಸ್ಟಾಯ್‌ನ ‘ದೇವರ ರಾಜ್ಯ ನಿಮ್ಮೊಳಗೇ ಇದೆ’ ಎಂಬ ಧರ್ಮವಿಚಾರದ ಗ್ರಂಥವೂ ಆಕೆಯ ಇಂಗ್ಲಿಷಿನಲ್ಲಿ ಹೊರಬಂದವು. ಅದೇ ವರ್ಷ, ಎರಡು ವರ್ಷವೂ ತುಂಬದ ಮಗುವನ್ನು ಮನೆಯಲ್ಲಿ ಬಿಟ್ಟು, ಹಿಮ ಬೀಳುತ್ತಿದ್ದ ಚಳಿಗಾಲದಲ್ಲಿ ಆಕೆ ರಷ್ಯಕ್ಕೆ ಹೋದರು; ಟಾಲ್‌ಸ್ಟಾಯ್‌ನನ್ನು ಕಂಡು ಮಾತನಾಡಿಸಿದರು.

ಅಲ್ಲಿಂದ ಮುಂದಿನದು ನಾಲ್ಕು ದಶಕಗಳ ದುಡಿಮೆ. ಟರ್ಗೆನೆವ್‌ನ ಸಂಪುಟಗಳು 1894ರಿಂದ 1899ರವರೆಗೆ; ‘ಅನ್ನಾ ಕರೆನಿನಾ’ 1901ರಲ್ಲಿ; ‘ಯುದ್ಧ ಮತ್ತು ಶಾಂತಿ’ 1904ರಲ್ಲಿ. ದಾಸ್ತೊವ್‌ಸ್ಕಿಯ ಹನ್ನೆರಡು ಸಂಪುಟಗಳು 1912ರಲ್ಲಿ ‘ಕರಮಜೋವ್ ಸೋದರರು’ ಕಾದಂಬರಿಯಿಂದ ಮೊದಲಾಗಿ 1920ಕ್ಕೆ ಮುಗಿದವು. ಬೆನ್ನಲ್ಲೇ ಚೆಕಾಫನ ಕಥೆಗಳ ಹದಿಮೂರು ಸಂಪುಟಗಳು, ಅವನ ನಾಟಕಗಳು, ಆಮೇಲೆ ಗೊಗೊಲ್, ಹರ್ಜನ್. ಒಟ್ಟು ಸುಮಾರು 70 ಸಂಪುಟಗಳು. ಇದಕ್ಕೆ ಆಕೆ ತೆತ್ತ ಬೆಲೆ ಕಣ್ಣಿನ ದೃಷ್ಟಿ. ಮೊದಲೇ ದುರ್ಬಲವಾಗಿದ್ದ ಕಣ್ಣುಗಳು ‘ಯುದ್ಧ ಮತ್ತು ಶಾಂತಿ’ ಮುಗಿಯುವ ವೇಳೆಗೆ ತೀರ ಕೆಟ್ಟುಹೋದವು. ಮುಂದೆ ಬೇರೊಬ್ಬರು ಮೂಲವನ್ನು ಗಟ್ಟಿಯಾಗಿ ಓದುವುದು, ಆಕೆ ಕಿವಿಯಲ್ಲಿ ಕೇಳಿ ಬಾಯಲ್ಲಿ ಇಂಗ್ಲಿಷ್ ಹೇಳಿ ಬರೆಸುವುದು ಎಂಬ ಕ್ರಮ ಏರ್ಪಟ್ಟಿತು. ನಮ್ಮ ಕಡೆ ಗಮಕಿಗಳು ಭಾರತ ಓದಿದಾಗ ಪಕ್ಕದಲ್ಲಿ ಕೂತವರು ಅರ್ಥ ಹೇಳುತ್ತಾರಷ್ಟೆ, ಅದೇ ರೀತಿ. 1946ರ ಡಿಸೆಂಬರ್ 17ರಂದು, ಎಂಬತ್ತೈದು ತುಂಬಲು ಎರಡು ದಿನ ಇರುವಾಗ, ಕೆಂಟ್ ಪ್ರಾಂತದ ತಮ್ಮ ಮನೆಯಲ್ಲಿ ಆಕೆ ತೀರಿಕೊಂಡರು.

ಇಂಥ ದುಡಿಮೆಗೆ ಹೊಗಳಿಕೆಯೂ ಬಂತು, ಬೈಗುಳವೂ ಬಂತು. ತಾನು ‘ಯುದ್ಧ ಮತ್ತು ಶಾಂತಿ’ಯನ್ನು ಓದಿ ಮುಗಿಸಲಾದದ್ದು ಗಾರ್ನೆಟ್ ಅನುವಾದ ಸಿಕ್ಕಿದ ಮೇಲೆಯೇ ಎಂದು ಹೆಮಿಂಗ್ವೆ ನೆನೆದಿದ್ದಾನೆ. ಕತೆಗಾರ್ತಿ ಕ್ಯಾಥರೀನ್ ಮ್ಯಾನ್ಸ್‌ಫೀಲ್ಡ್ ತನ್ನ ಪೀಳಿಗೆಯ ಋಣವನ್ನು ಪತ್ರ ಬರೆದು ತಿಳಿಸಿದಳು. ಇನ್ನೊಂದು ಕಡೆ, ರಷ್ಯನ್ ಮನೆಮಾತಿನ ನಬೊಕೊವ್ ಈ ಅನುವಾದಗಳನ್ನು ಹಳಿದ. ಇಂಗ್ಲಿಷ್ ಓದುಗರಿಗೆ ಟಾಲ್‌ಸ್ಟಾಯ್‌ಗೂ ದಾಸ್ತೊವ್‌ಸ್ಕಿಗೂ ವ್ಯತ್ಯಾಸ ತಿಳಿಯದಿದ್ದರೆ ಅವರು ಇಬ್ಬರನ್ನೂ ಓದದೆ ಗಾರ್ನೆಟ್‌ಳನ್ನು ಓದಿರುವುದೇ ಕಾರಣ ಎಂಬರ್ಥದ ಮಾತನ್ನು ಕವಿ ಬ್ರಾಡ್‌ಸ್ಕಿ ಆಡಿದ. ವೇಗವಾಗಿ ಬರೆಯುತ್ತಿದ್ದರು, ತೊಡಕಾದ ಕಡೆ ಮಾತನ್ನು ಬಿಟ್ಟು ಮುಂದೆ ಹೋಗುತ್ತಿದ್ದರು, ಒಬ್ಬೊಬ್ಬ ಲೇಖಕನ ಒರಟುತನವನ್ನೂ ತಮ್ಮದೇ ನಯವಾದ ಇಂಗ್ಲಿಷಿನಿಂದ ಸವರಿಬಿಟ್ಟರು ಎಂಬ ಟೀಕೆಯಲ್ಲಿ ಸತ್ಯಾಂಶವಿದೆ. ಆದರೆ ಒಂದನ್ನು ಮರೆಯಬಾರದು. ಇಂಗ್ಲಿಷಿಗೆ ‘ಯುದ್ಧ ಮತ್ತು ಶಾಂತಿ’ ಮೊದಲ ಸಲ ಬಂದದ್ದು 1886ರ ಸುಮಾರಿನಲ್ಲಿ, ಅದೂ ಫ್ರೆಂಚ್ ಅನುವಾದದಿಂದ. ನಾವು ಯಾವ ಭಾಷೆಯ ಮೂಲಕ ಓದಿದೆವೆಂದು ನಾಚುತ್ತೇವೋ ಆ ಭಾಷೆಯೇ ಮೊದಲು ಇನ್ನೊಬ್ಬರ ಕೈಯಿಂದ ಪಡೆದು ಓದಿತ್ತು.

ಭಾರತದ ಮಟ್ಟಿಗೆ ಇಂಗ್ಲಿಷ್ ಅನುವಾದದ ಪರಿಣಾಮ ಎಷ್ಟು ದೂರ ಹೋಯಿತೆಂಬುದಕ್ಕೆ ಗಾಂಧೀಜಿಯವರಿಗಿಂತ ದೊಡ್ಡ ನಿದರ್ಶನ ಬೇಕಿಲ್ಲ. ದಕ್ಷಿಣ ಆಫ್ರಿಕದಲ್ಲಿದ್ದ ತರುಣ ವಕೀಲರು ಮೇಲೆ ಹೇಳಿದ ‘ದೇವರ ರಾಜ್ಯ’ ಗ್ರಂಥವನ್ನು ಓದಿದ್ದು 1894ರಲ್ಲಿ, ಅದು ಇಂಗ್ಲಿಷಿಗೆ ಬಂದ ಹೊಸತರಲ್ಲಿಯೇ. ರಷ್ಯನ್ ಭಾಷೆಯ ಒಂದಕ್ಷರವೂ ಬಾರದ ಅವರು 1910ರಲ್ಲಿ ಜೋಹಾನ್ಸ್‌ಬರ್ಗಿನ ಬಳಿ ಸ್ಥಾಪಿಸಿದ ಆಶ್ರಮಕ್ಕೆ ‘ಟಾಲ್‌ಸ್ಟಾಯ್ ಫಾರ್ಮ್’ ಎಂದು ಹೆಸರಿಟ್ಟರು. ಎರಡನೆಯ ಕೈಯಿಂದ ಬಂದ ಮಾತಿಗೆ ಜೀವವಿರುವುದಿಲ್ಲ ಎನ್ನುವವರು ಈ ಘಟನೆಗೆ ಏನೆನ್ನುತ್ತಾರೆ?

ಕನ್ನಡದಲ್ಲಿಯೂ ಟಾಲ್‌ಸ್ಟಾಯ್ ಮೊದಲು ಬಂದದ್ದು ಮಹರ್ಷಿಯಾಗಿಯೇ. ಮಾಸ್ತಿಯವರು ‘ಟಾಲ್‌ಸ್ಟಾಯ್ ಮಹರ್ಷಿಯ ಭೂರ್ಜ ವೃಕ್ಷಗಳು’ ಎಂಬ ಕಥೆಯನ್ನೇ ಬರೆದರು. ಆ ಶೀರ್ಷಿಕೆಯ ಎರಡನೆಯ ಮಾತನ್ನು ಗಮನಿಸಬೇಕು. ಇಂಗ್ಲಿಷಿನಲ್ಲಿ ‘ಬರ್ಚ್’ ಎಂದು ಓದಿದ ಮರಕ್ಕೆ ಅವರು ‘ಭೂರ್ಜ’ ಎಂಬ ಹೆಸರನ್ನು ಬಳಸಿದರು. ರಷ್ಯನ್ನರು ಆ ಮರವನ್ನು ‘ಬೆರ್‍ಯೋಜಾ’ ಎನ್ನುತ್ತಾರೆ. ಬರ್ಚ್, ಬೆರ್‍ಯೋಜಾ, ಭೂರ್ಜ ಮೂರೂ ಒಂದೇ ಪ್ರಾಚೀನ ಧಾತುವಿನ ಮಕ್ಕಳೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ನಮ್ಮ ಪೂರ್ವಿಕರು ಗ್ರಂಥ ಬರೆಯುತ್ತಿದ್ದ ಭೂರ್ಜಪತ್ರ ಹಿಮಾಲಯದ ಅದೇ ಜಾತಿಯ ಮರದ ತೊಗಟೆ. ಇಂಗ್ಲಿಷಿನ ಮೂಲಕ ಹೊರಟ ಪದ ಕನ್ನಡಕ್ಕೆ ಬಂದು ಸೇರುವಾಗ ಮೂಲದ ನೆಂಟನನ್ನೇ ಕರೆದುಕೊಂಡು ಬಂತು.

ಮಹರ್ಷಿಯನ್ನು ಮಹಾಕಾದಂಬರಿಕಾರನಾಗಿ ಕನ್ನಡಿಗರ ಮನೆಗೆ ತಂದವರಲ್ಲಿ ಅಗ್ರಗಣ್ಯರು ದೇ. ಜವರೇಗೌಡರು. ಚನ್ನಪಟ್ಟಣ ತಾಲ್ಲೂಕಿನ ಚಕ್ಕೆರೆಯ ರೈತಕುಟುಂಬದಲ್ಲಿ ಹುಟ್ಟಿ, ಕುವೆಂಪು ಅವರ ಶಿಷ್ಯರಾಗಿ, 1969ರಿಂದ 1975ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದು, 2016ರಲ್ಲಿ ನಿಧನರಾದ ಈ ಹಿರಿಯರನ್ನು ನಾಡು ಆಡಳಿತಗಾರರೆಂದೂ, ಕನ್ನಡದ ಹೋರಾಟಗಾರರೆಂದೂ ಹೆಚ್ಚಾಗಿ ನೆನೆಯುತ್ತದೆ. ‘ಯುದ್ಧ ಮತ್ತು ಶಾಂತಿ’, ‘ಅನ್ನಾ ಕರೆನಿನಾ’, ‘ಪುನರುತ್ಥಾನ’ ಈ ಮೂರನ್ನೂ ಇಂಗ್ಲಿಷಿನಿಂದ ಕನ್ನಡಕ್ಕೆ ಇಳಿಸಿದವರು ಅವರೇ ಎಂಬುದು ಎಷ್ಟು ಜನರ ನೆನಪಿನಲ್ಲಿದೆ? ಗಾರ್ಕಿಯ ‘ತಾಯಿ’ ಕನ್ನಡದ ತಾಯಿಯಾದದ್ದು ನಿರಂಜನರಿಂದ. ಅವರ ಸಂಪಾದಕತ್ವದಲ್ಲಿ ನವಕರ್ನಾಟಕ ಪ್ರಕಾಶನ ಹೊರತಂದ ‘ವಿಶ್ವ ಕಥಾಕೋಶ’ದ 25 ಸಂಪುಟಗಳು ಸಣ್ಣ ಊರುಗಳ ಗ್ರಂಥಾಲಯಗಳವರೆಗೂ ತಲುಪಿದವು. ಇವರ ಜೊತೆಗೆ ಮಾಸ್ಕೋದಲ್ಲಿಯೇ ಅಚ್ಚಾಗಿ ಬರುತ್ತಿದ್ದ ಪ್ರಗತಿ ಪ್ರಕಾಶನದ ಕನ್ನಡ ಪುಸ್ತಕಗಳನ್ನೂ ನೆನೆಯಬೇಕು. ಗಟ್ಟಿ ರಟ್ಟು, ಒಳ್ಳೆಯ ಕಾಗದ, ಅತಿ ಕಡಿಮೆ ಬೆಲೆ. ಬಸ್ ಚಾರ್ಜಿಗೆ ಕೊಟ್ಟ ಹಣದಲ್ಲಿ ಉಳಿಸಿ ಒಂದು ಪುಸ್ತಕ ಕೊಳ್ಳಬಹುದಾಗಿತ್ತು. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದುಹೋದ ಮೇಲೆ ಆ ಧಾರೆ ಬತ್ತಿತು.

ಇನ್ನು ಮೊದಲಿನ ಆಕ್ಷೇಪಕ್ಕೆ ಬರೋಣ. ಇಂಗ್ಲಿಷಿನ ಮೂಲಕ ಬರುವಾಗ ಕಳೆದುಹೋಗುವುದು ಎಷ್ಟೋ ಇದೆ. ಆದರೆ ಇಂಗ್ಲಿಷಿನಲ್ಲಿ ಕಳೆದುಹೋದದ್ದು ಕನ್ನಡದಲ್ಲಿ ಮರಳಿ ದೊರೆಯುವುದೂ ಉಂಟು ಎಂಬುದನ್ನು ಆಕ್ಷೇಪಿಸುವವರು ಗಮನಿಸಿದಂತಿಲ್ಲ. ರಷ್ಯನ್ ಭಾಷೆಯಲ್ಲಿ ‘ತೀ’ ಎಂದರೆ ನೀನು, ‘ವೀ’ ಎಂದರೆ ನೀವು. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಮಾತು. ‘ಅನ್ನಾ ಕರೆನಿನಾ’ದಲ್ಲಿ ಹೆಂಡತಿಯ ಮೇಲೆ ಮುನಿದ ಕರೆನಿನ್ ಆಕೆಗೆ ಫ್ರೆಂಚಿನಲ್ಲಿ ಪತ್ರ ಬರೆಯುವ ಸಂದರ್ಭವಿದೆ. ಫ್ರೆಂಚಿನ ಬಹುವಚನದಲ್ಲಿ ರಷ್ಯನ್ ಬಹುವಚನದಷ್ಟು ತಣ್ಣನೆಯ ದೂರವಿಲ್ಲವೆಂದು ಅವನು ಆ ಭಾಷೆಯನ್ನು ಆರಿಸಿಕೊಂಡ ಎನ್ನುತ್ತಾನೆ ಟಾಲ್‌ಸ್ಟಾಯ್. ಇಂಗ್ಲಿಷ್ ಓದುಗನಿಗೆ ಇದು ಬರಿಯ ಮಾಹಿತಿ. ನಮ್ಮ ಊರಿನ ಹೆಣ್ಣುಮಗಳೊಬ್ಬಳಿಗೆ ಇದನ್ನು ಹೇಳಿ ನೋಡಿ. ಇಷ್ಟು ವರ್ಷ ನೀನು ಎನ್ನುತ್ತಿದ್ದ ಗಂಡ ಒಂದು ದಿನ ಇದ್ದಕ್ಕಿದ್ದಂತೆ ‘ನೀವು’ ಎಂದರೆ ಅದರಲ್ಲಿ ಮರ್ಯಾದೆಯಿಲ್ಲ, ಬಾಗಿಲು ಹಾಕಿದ ಸದ್ದಿದೆ ಎಂಬುದು ಅವಳಿಗೆ ಯಾರೂ ವಿವರಿಸದೆ ತಿಳಿಯುತ್ತದೆ. ಇಂಗ್ಲಿಷ್ ಪ್ರತಿಯನ್ನು ಮುಂದಿಟ್ಟುಕೊಂಡ ಕನ್ನಡ ಅನುವಾದಕ ಪ್ರತಿಯೊಂದು ಸಂಭಾಷಣೆಯಲ್ಲಿಯೂ ಇಲ್ಲಿ ‘ನೀನು’ ಬರಬೇಕೆ, ‘ನೀವು’ ಬರಬೇಕೆ ಎಂದು ನಿರ್ಧರಿಸಲೇಬೇಕು. ಹಾಗೆ ನಿರ್ಧರಿಸುವಾಗ ಅವನು ಇಂಗ್ಲಿಷಿನ ನಕಲುಗಾರನಾಗಿ ಉಳಿಯುವುದಿಲ್ಲ. ಇಬ್ಬರು ಮನುಷ್ಯರ ಸಂಬಂಧವನ್ನು ತಾನೇ ಅಳೆದು ನೋಡಬೇಕಾಗುತ್ತದೆ.

ಸಂಬೋಧನೆಗಳ ವಿಷಯವೂ ಹೀಗೆಯೇ. ರಷ್ಯದ ರೈತ ಜಮೀನ್ದಾರನನ್ನು ‘ಬಾತ್ಯುಷ್ಕಾ’ ಎನ್ನುತ್ತಾನೆ. ಇಂಗ್ಲಿಷ್ ಅನುವಾದಗಳಲ್ಲಿ ಇದು ‘ಪುಟ್ಟ ತಂದೆ’ ಎಂದಾಗಿ ನಗೆ ಬರಿಸುತ್ತದೆ. ‘ನಮ್ಮಪ್ಪಾ’, ‘ಬುದ್ಧೀ’, ‘ಸ್ವಾಮಿ’ ಎಂಬ ಮಾತುಗಳು ಬಳಕೆಯಲ್ಲಿದ್ದ ನಮ್ಮ ಹಳ್ಳಿಗಳಲ್ಲಿ ಅದಕ್ಕೆ ಜಾಗ ಹುಡುಕುವುದು ಕಷ್ಟವಲ್ಲ. ಅನ್ನಾ ಅರ್ಕಾದ್ಯೆವ್ನಾ ಎಂದರೆ ಅರ್ಕಾದಿಯ ಮಗಳು ಅನ್ನಾ ಎಂದರ್ಥ. ಹೆಸರಿನೊಳಗೆ ತಂದೆಯ ಹೆಸರು ಹೊತ್ತು ನಡೆಯುವ ಪದ್ಧತಿ ಇನಿಷಿಯಲ್ ಇಟ್ಟುಕೊಳ್ಳುವ ನಮಗೆ ಹೊಸದಲ್ಲ. ದೇ. ಜವರೇಗೌಡರ ‘ದೇ’ ಕೂಡ ತಂದೆ ದೇವೇಗೌಡರದೇ. ಹೊಂದಿಕೆಯಾಗದ ಕಡೆಗಳೂ ಇವೆ. ರಷ್ಯದ ಮುದುಕ ಒಲೆಯ ಮೇಲೆ ಮಲಗಿದ್ದ ಎಂದು ಓದಿದಾಗ ನನ್ನ ತರಗತಿ ನಕ್ಕಿತು. ಅಲ್ಲಿನ ಒಲೆ ಜಗಲಿಯಷ್ಟು ದೊಡ್ಡ ಇಟ್ಟಿಗೆಯ ಕಟ್ಟಡ, ಚಳಿಗಾಲದಲ್ಲಿ ಅದರ ಮೇಲೆಯೇ ಹಾಸಿಗೆ, ಎಂದು ವಿವರಿಸಬೇಕಾಯಿತು. ಇಂಥಲ್ಲಿ ಅನುವಾದಕ ಒಂದು ಸಾಲು ಬೆಳೆಸಿದರೆ ಅದನ್ನು ಅಪರಾಧವೆನ್ನಲಾಗದು.

ಈ ವಿಷಯದಲ್ಲಿ ನಮ್ಮ ನಾಲ್ಕು ತಾಲ್ಲೂಕುಗಳ ಜನರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಮೂರು ಕಡೆ ಆಂಧ್ರದ ನೆಲ ಸುತ್ತುವರಿದಿರುವ ಪಾವಗಡದಲ್ಲಿ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ ಆಡುವವರೇ ಹೆಚ್ಚು. ಶಿರಾ 1687ರಿಂದ ಹಲವು ದಶಕಗಳ ಕಾಲ ಮೊಗಲರ ಸುಭಾದ ರಾಜಧಾನಿಯಾಗಿತ್ತು. ಅಲ್ಲಿನ ಕಚೇರಿಯ ಭಾಷೆ ಪಾರಸಿ. ಅಂಥ ಆಡಳಿತಗಳ ದೆಸೆಯಿಂದ ಕನ್ನಡಕ್ಕೆ ಬಂದ ‘ಅರ್ಜಿ’ ಅರಬ್ಬಿಯಲ್ಲಿ ಹುಟ್ಟಿ ಪಾರಸಿಯನ್ನು ದಾಟಿ ನಮ್ಮ ನಾಲಗೆಗೆ ತಲುಪಿದ್ದು. ಎರಡು ಕೈ ದಾಟಿ ಬಂದ ಪದವೆಂದು ತಾಲ್ಲೂಕು ಕಚೇರಿಯಲ್ಲಿ ಯಾರಾದರೂ ಅದನ್ನು ತಿರಸ್ಕರಿಸುತ್ತಾರೆಯೇ? ಮಧುಗಿರಿ, ಕೊರಟಗೆರೆಯ ಹಳ್ಳಿಗಳಲ್ಲಿ ರಾತ್ರಿ ಜೈಮಿನಿ ಭಾರತ ಕೇಳಿ ಕಣ್ಣೊರೆಸಿಕೊಂಡವರು ಸಂಸ್ಕೃತ ಮೂಲ ಎಲ್ಲಿದೆ ಎಂದು ಕೇಳಲಿಲ್ಲ. ಕನ್ನಡದ ನವೋದಯಕ್ಕೆ ‘ಇಂಗ್ಲಿಷ್ ಗೀತಗಳು’ ಎಂಬ ಅನುವಾದಗಳ ಸಂಕಲನದಿಂದ ದಾರಿ ತೆರೆದ ಬಿ.ಎಂ.ಶ್ರೀಯವರು ಹುಟ್ಟಿದ್ದು ಇದೇ ಜಿಲ್ಲೆಯ ಸಂಪಿಗೆ ಗ್ರಾಮದಲ್ಲಿ ಎಂಬುದನ್ನೂ ನೆನೆಯಬಹುದು.

ಟಾಲ್‌ಸ್ಟಾಯ್ 1886ರಲ್ಲಿ ಪ್ರಕಟಿಸಿದ, ಒಬ್ಬ ಮನುಷ್ಯನಿಗೆ ಎಷ್ಟು ನೆಲ ಬೇಕು ಎಂದು ಕೇಳುವ ಕಥೆ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಸಾವಿರ ರೂಬಲ್ ಕೊಟ್ಟು, ಸೂರ್ಯೋದಯದಿಂದ ಸೂರ್ಯಾಸ್ತದೊಳಗೆ ಸುತ್ತು ಹಾಕಿ ಬಂದಷ್ಟು ಭೂಮಿ ತನ್ನದೆಂದು ಒಪ್ಪಿಕೊಂಡ ಪಾಹೊಮ್ ಎಂಬ ರೈತ ಆಸೆಯಿಂದ ದೂರ ದೂರ ಹೋಗಿ, ಹೊತ್ತು ಮುಳುಗುವ ಗಳಿಗೆಗೆ ಓಡಿಬಂದು ಬಿದ್ದು ಸಾಯುತ್ತಾನೆ. ಕೊನೆಗೆ ಅವನಿಗೆ ಬೇಕಾದದ್ದು ರಷ್ಯನ್ ಅಳತೆಯಲ್ಲಿ ಮೂರು ಅರ್ಶಿನ್, ಎಂದರೆ ಸುಮಾರು ಏಳು ಅಡಿ ನೆಲ. ಇಂಗ್ಲಿಷಿನಲ್ಲಿ ಅದು ಆರು ಅಡಿಯಾಯಿತು. ಕನ್ನಡದಲ್ಲಿ ಹೇಳುವವರ ಬಾಯಲ್ಲಿ ‘ಆರಡಿ ಮೂರಡಿ’ ಆಯಿತು. ಲೆಕ್ಕದಲ್ಲಿ ಒಂದಡಿ ತಪ್ಪಿದೆ. ಆದರೆ ಗುಂಡಿ ತೋಡುವವರ ಮಾತಿಗೆ ಬಂದು ಸೇರಿದೆ.

ನನ್ನ ವಿದ್ಯಾರ್ಥಿಯೊಬ್ಬ ಪಾವಗಡದ ಕಡೆಯವನು. ತರಗತಿಯಲ್ಲಿ ಓದಿದ ಈ ಕಥೆಯನ್ನು ರಜೆಯಲ್ಲಿ ಊರಿಗೆ ಹೋದಾಗ ತನ್ನ ತಾತನಿಗೆ ತೆಲುಗಿನಲ್ಲಿ ಹೇಳಿದನಂತೆ. ರಷ್ಯನ್ನಿನಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ ಬಂದ ಕಥೆ ಆ ರಾತ್ರಿ ಇನ್ನೊಂದು ಹೊಳೆ ದಾಟಿತು. ಎಲ್ಲವನ್ನೂ ಕೇಳಿದ ಮುದುಕ ಒಂದೇ ಪ್ರಶ್ನೆ ಕೇಳಿದ: “ಅಷ್ಟು ನೆಲ ಸುತ್ತಿದನಲ್ಲ, ಅದರಲ್ಲಿ ನೀರಿತ್ತೇನೋ?” ಬರಗಾಲವನ್ನೇ ಕಂಡು ಬೆಳೆದ, ನೂರಾರು ಅಡಿ ಕೊರೆಸಿದ ಬಾವಿಯಲ್ಲಿ ಧೂಳು ಕಂಡ ರೈತನ ಪ್ರಶ್ನೆ ಅದು. ವಿದ್ಯಾರ್ಥಿ ಪುಸ್ತಕ ತೆರೆದು ನೋಡಿದ. ಪಾಹೊಮ್ ತಿರುಗಬೇಕೆಂದುಕೊಂಡ ಕಡೆಯಲ್ಲೇ ಒಂದು ಹಸಿ ತಗ್ಗು ಕಾಣುತ್ತದೆ, ಅದನ್ನು ಬಿಟ್ಟರೆ ನಷ್ಟವೆಂದು ಅವನು ಇನ್ನೂ ಮುಂದೆ ಹೋಗುತ್ತಾನೆ. ಅವನ ಸಾವಿಗೆ ಕಾರಣವಾದ ತಿರುವುಗಳಲ್ಲಿ ಅದೂ ಒಂದು. ತರಗತಿಯಲ್ಲಿ ನೀತಿಯನ್ನು ಹುಡುಕುತ್ತಿದ್ದ ನಾವು ಯಾರೂ ಆ ತಗ್ಗನ್ನು ಗಮನಿಸಿರಲಿಲ್ಲ. ಮೂರು ಭಾಷೆಗಳನ್ನು ದಾಟಿದ ಮೇಲೂ ಟಾಲ್‌ಸ್ಟಾಯ್ ಇಟ್ಟ ಜಾಗದಲ್ಲಿಯೇ ನೀರು ಇತ್ತು.

ಹಾಗೆಂದು ಇಂಗ್ಲಿಷ್ ಇದ್ದರೆ ಸಾಕು, ರಷ್ಯನ್ ಕಲಿಯುವುದು ಬೇಡ ಎಂದು ನಾನು ಹೇಳುತ್ತಿಲ್ಲ. ಕಥೆಯ ಘಟನೆ, ಪಾತ್ರ, ವಿಚಾರಗಳು ದೂರ ಪ್ರಯಾಣವನ್ನು ತಾಳಿಕೊಳ್ಳುತ್ತವೆ. ಮಾತಿನ ಬನಿ ತಾಳಿಕೊಳ್ಳುವುದಿಲ್ಲ. ದಾಸ್ತೊವ್‌ಸ್ಕಿಯ ಪಾತ್ರಗಳ ತೊದಲು, ಗೊಗೊಲ್‌ನ ವಿನೋದ, ಚೆಕಾಫ್ ಹೇಳದೆ ಬಿಟ್ಟ ಮಾತಿನ ತೂಕ, ಇವುಗಳಿಗೆ ಮೂಲವನ್ನೇ ಕಿವಿಯಾರೆ ಕೇಳಿದ ಕನ್ನಡಿಗ ಬೇಕು. ನಮ್ಮ ವಿಶ್ವವಿದ್ಯಾನಿಲಯಗಳು ಅಂಥ ಹತ್ತು ಜನರನ್ನು ತಯಾರು ಮಾಡಿದರೆ ದೇಜಗೌ ಅವರಿಗೆ ಅದಕ್ಕಿಂತ ಒಳ್ಳೆಯ ಸ್ಮಾರಕ ಬೇಕಾಗಿಲ್ಲ. ದೊಡ್ಡ ಕೃತಿ ಪ್ರತಿಯೊಂದು ತಲೆಮಾರಿನಲ್ಲಿಯೂ ಹೊಸ ಅನುವಾದವನ್ನು ಬೇಡುತ್ತದೆ, ಓ. ಎಲ್. ನಾಗಭೂಷಣಸ್ವಾಮಿಯವರು ಈಚಿನ ವರ್ಷಗಳಲ್ಲಿ ‘ಯುದ್ಧ ಮತ್ತು ಶಾಂತಿ’ಯನ್ನು ಮತ್ತೆ ಕನ್ನಡಕ್ಕೆ ತಂದದ್ದು ಹಳೆಯ ಅನುವಾದಕ್ಕೆ ಸಲ್ಲಿಸಿದ ಗೌರವವೇ ಹೊರತು ಅದರ ನಿರಾಕರಣೆಯಲ್ಲ. ಗಾರ್ನೆಟ್‌ರ ತಪ್ಪುಗಳನ್ನು ತಿದ್ದಿದವರೆಲ್ಲ ಆಕೆ ಹಾಕಿದ ದಾರಿಯಲ್ಲಿ ನಡೆದೇ ತಿದ್ದಿದರು.

ನನಗೆ ನೋವು ತರುವ ಸಂಗತಿ ಬೇರೆ. ನಮ್ಮ ಊರುಗಳ ಗ್ರಂಥಾಲಯದ ಖಾನೇಸುಮಾರಿ ಪುಸ್ತಕಗಳಲ್ಲಿ ಇಂಥ ಗ್ರಂಥಗಳನ್ನು ಟಾಲ್‌ಸ್ಟಾಯ್, ಗಾರ್ಕಿ ಎಂದು ಬರೆದಿರುವುದನ್ನು ನೋಡಿದ್ದೇನೆ. ಅನುವಾದಕರ ಹೆಸರಿನ ಕಲಮು ಖಾಲಿ. ಸಾವಿರ ಪುಟಗಳ ಕಾದಂಬರಿಯ ಒಂದೊಂದು ಕನ್ನಡ ವಾಕ್ಯವನ್ನೂ ಬರೆದವರು ಟಾಲ್‌ಸ್ಟಾಯ್ ಅಲ್ಲ, ಇಲ್ಲಿ ನಮ್ಮ ನಡುವೆ ಬಾಳಿದ ಒಬ್ಬರು. ಎರಡನೆಯ ಕೈ ಎಂದು ಹಳಿಯುವುದಕ್ಕಾದರೂ ಆ ಕೈ ಯಾರದೆಂದು ತಿಳಿದಿರಬೇಕಲ್ಲ! ಮುಂದಿನ ಸಲ ನೀವು ಗ್ರಂಥಾಲಯದಿಂದ ಒಂದು ಅನುವಾದವನ್ನು ತಂದಾಗ ಶೀರ್ಷಿಕೆಯ ಕೆಳಗೆ ಸಣ್ಣ ಅಕ್ಷರದಲ್ಲಿರುವ ಹೆಸರನ್ನು ಮೊದಲು ಓದಿ. ಮನೆಯಲ್ಲಿ ಮಕ್ಕಳಿಗೆ ಆ ಕಥೆ ಹೇಳುವಾಗ ಆ ಹೆಸರನ್ನೂ ಸೇರಿಸಿ ಹೇಳಿ.